ಕ್ಯಾನ್‌ನಿಂದ ಶುರುಮಾಡಿ: ಮರುಭೂಮಿಗೆ ಹೊತ್ತೊಯ್ದ ಡೀಸೆಲ್ ಕೈಕೊಟ್ಟಾಗ

ಜೈಸಲ್ಮೇರ್ ದಾಟಿ, ಸಮ್‌ನ ಮರಳು ದಿಬ್ಬಗಳಿಂದಲೂ ಆಚೆ ಇದ್ದೆವು. ಡಿಸೆಂಬರ್, ಬೆಳಗ್ಗೆ ಹನ್ನೊಂದರ ಹೊತ್ತು. ಟ್ಯಾಂಕಿನ ಮುಳ್ಳು ಕೆಂಪು ಗೆರೆಗೆ ಇಳಿಯಿತು ಅಂತ ಮೇಲಿನ ಕ್ಯಾರಿಯರ್‌ನಿಂದ 20 ಲೀಟರಿನ ಕಬ್ಬಿಣದ ಕ್ಯಾನ್ ಇಳಿಸಿ ಸುರಿದೆವು. ಗಾಡಿ ಸ್ಟಾರ್ಟ್ ಆಯಿತು, ಮೂರು ಕಿಲೋಮೀಟರ್ ಚೆನ್ನಾಗಿಯೇ ಓಡಿತು, ಆಮೇಲೆ ಕೆಮ್ಮಲು ಶುರು. ಆಕ್ಸಿಲರೇಟರ್ ಒತ್ತಿದರೆ ಏಳುವುದಿಲ್ಲ, ಕಾಲು ತೆಗೆದರೆ ಆಫ್.

ಬಾನೆಟ್ ಎತ್ತಿ ನಾವು ಮೂವರು ಮೂರು ರೋಗ ಹೇಳಿದೆವು. ಒಬ್ಬನ ಪ್ರಕಾರ ಇಂಜೆಕ್ಟರ್, ಇನ್ನೊಬ್ಬನಿಗೆ ಯಾವುದೋ ಸೆನ್ಸರ್, ನನಗೆ ಏರ್ ಫಿಲ್ಟರ್‌ಗೆ ಹೊಕ್ಕ ಮರಳು. ನಾಲ್ಕು ತಾಸು ಹೋಯಿತು. ಕೊನೆಗೆ ಒಂದು ದಿಬ್ಬ ಹತ್ತಿ, ಎರಡು ಕಡ್ಡಿ ಸಿಗ್ನಲ್ ಹಿಡಿದು, ಬೆಂಗಳೂರು ವಿಲ್ಸನ್ ಗಾರ್ಡನ್‌ನ ನಮ್ಮ ಮೆಕ್ಯಾನಿಕ್ ಭಾಯ್‌ಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ ಅವರು. "ಸಾರ್, ಮೊದ್ಲು ಬಾನೆಟ್ ಮುಚ್ಚಿ. ಕ್ಯಾನಲ್ಲಿ ಚೂರುಪಾರು ಉಳ್ದಿರತ್ತಲ್ಲ, ಅದನ್ನ ನೀರಿನ ಬಾಟ್ಲಿಗೆ ಬಗ್ಸಿ. ಏನ್ ಕಾಣತ್ತೆ ಹೇಳಿ."

ಬಾಟ್ಲಿ ತಳದಲ್ಲಿ ಎರಡು ಬೆರಳು ನೀರು ನಿಂತಿತು. ಮೇಲೆ ಡೀಸೆಲ್. ಎರಡರ ನಡುವೆ ಇಟ್ಟಿಗೆ ಬಣ್ಣದ ಹುರುಪೆ ತೇಲಾಡುತ್ತಿತ್ತು: ಕ್ಯಾನಿನ ಒಳಗೋಡೆಗೆ ಹಚ್ಚಿದ್ದ ಬಣ್ಣ, ಎದ್ದು ಬಂದಿದ್ದು.

ಆ ನೀರು ರಾಜಸ್ಥಾನದ್ದಲ್ಲ. ಅಲ್ಲಿ ಕುಡಿಯುವುದಕ್ಕೇ ನೀರಿಲ್ಲ, ಕ್ಯಾನಿಗೆಲ್ಲಿಂದ ಬರಬೇಕು? ಬೆಂಗಳೂರಿನದು. ಗುಜರಿ ಅಂಗಡಿಯೊಂದರಲ್ಲಿ ಕೊಂಡ ಆ ಹಳೆ ಕ್ಯಾನು ಎರಡು ಮಳೆಗಾಲ ನಮ್ಮ ಮನೆ ಮಹಡಿಯ ಮೇಲೆ, ಅರ್ಧ ಡೀಸೆಲ್ ಸಮೇತ ಕೂತಿತ್ತು. ಮಧ್ಯಾಹ್ನ ಕಾದು, ರಾತ್ರಿ ತಣ್ಣಗಾಗಿ, ಒಳಗಿನ ಗಾಳಿಯ ತೇವವೆಲ್ಲ ಗೋಡೆಗೆ ಬೆವರಾಗಿ ಇಳಿದು ತಳ ಸೇರಿತ್ತು. ಜತೆಗೆ ಮುಚ್ಚಳದ ಸುತ್ತ ನಿಂತ ಮಳೆನೀರನ್ನು ಸೀಳಿದ ವಾಷರ್ ಒಳಕ್ಕೆ ಬಿಟ್ಟುಕೊಂಡಿತ್ತು. ಹೊರಡುವ ಹಿಂದಿನ ದಿನ ಅದರ ಮೇಲೆಯೇ ಹೊಸ ಡೀಸೆಲ್ ತುಂಬಿಸಿದ ಪುಣ್ಯಾತ್ಮ ನಾನೇ.

ಅಂದಿನಿಂದ ಗೆಳೆಯರ ಗಾಡಿಗಳ ಇಂಥ ತಾಪತ್ರಯ ಬಂದಾಗೆಲ್ಲ ನಾನು ಹುಡುಕುವ ದಿಕ್ಕು ಬದಲಾಗಿದೆ. ಮೊದಲು ಕ್ಯಾನ್, ಆಮೇಲೆ ಮುಚ್ಚಳ, ಸುರಿದ ಬಗೆ, ಟ್ಯಾಂಕು, ಡೀಸೆಲ್ ಫಿಲ್ಟರ್. ಇಂಜಿನ್ ಕಟ್ಟಕಡೆಗೆ. ಕ್ಯಾನ್ ಸುರಿಯುವ ತನಕ ಸರಿಯಿದ್ದ ಗಾಡಿ ಸುರಿದ ಮೇಲೆ ಕೆಟ್ಟರೆ, ಸಂದೇಹಪಡಬೇಕಾದ್ದು ಹೊಸದಾಗಿ ಬಂದದ್ದನ್ನೇ.

ಸುರಿದ ಮೇಲೆ ಎಳೆಯುತ್ತಿಲ್ಲ, ಅಥವಾ ನಿಂತೇ ಹೋಯಿತು

ಎಷ್ಟು ದೂರ ಓಡಿ ನಿಂತಿತು ಅನ್ನುವುದೇ ಮೊದಲ ಸುಳಿವು.

ಸ್ಟಾರ್ಟೇ ಆಗದಿದ್ದರೆ, ಅಥವಾ ಅರೆಕ್ಷಣ ಉರಿದು ಆರಿದರೆ, ಹೆಚ್ಚಾಗಿ ಡೀಸೆಲ್ ಹರಿಯುವ ಲೈನಿನಲ್ಲಿ ಗಾಳಿ. ಟ್ಯಾಂಕು ಪೂರ್ತಿ ಬತ್ತುವ ತನಕ ಓಡಿಸಿ, ಗಾಡಿ ನಿಂತ ಮೇಲೆ ಕ್ಯಾನ್ ಸುರಿದವರ ಪಾಡು ಇದು. ಮಹೀಂದ್ರದ ಹಳೆ ಗಾಡಿಗಳಲ್ಲಿ ಫಿಲ್ಟರ್ ಹತ್ತಿರ ಕೈಯಲ್ಲಿ ಒತ್ತುವ ಪಂಪ್ ಇರುತ್ತದೆ. ಅದು ಕೈಗೆ ಗಟ್ಟಿ ಅನ್ನಿಸುವ ತನಕ ಒತ್ತಿ, ಆಮೇಲೆ ಸೆಲ್ಫ್ ಹೊಡೆಯಿರಿ. ಟ್ಯಾಂಕಿನೊಳಗೇ ಪಂಪ್ ಇರುವ ಗಾಡಿಯಾದರೆ ಕೀಲಿಯನ್ನು ಐದಾರು ಸಲ ಆನ್-ಆಫ್ ಮಾಡಿ, ಪ್ರತಿ ಸಲ ಕೆಲವು ಸೆಕೆಂಡ್ ಬಿಡಿ. ಬ್ಯಾಟರಿ ಸಾಯುವ ತನಕ ಸೆಲ್ಫ್ ಹೊಡೆಯುತ್ತಾ ಕೂರಬೇಡಿ. ಮರಳುಗಾಡಿನಲ್ಲಿ ಒಂದು ರೋಗ ಸಾಕು.

ಎರಡು ಮೂರು ಕಿಲೋಮೀಟರ್ ಓಡಿ ಕೆಮ್ಮಿದರೆ ನೀರು ಅಥವಾ ಕಸ. ಫಿಲ್ಟರಿನಲ್ಲಿದ್ದ ಒಳ್ಳೆ ಡೀಸೆಲ್ ಮುಗಿಯುವ ತನಕ ಓಡುತ್ತದೆ, ಕೆಟ್ಟದ್ದು ಬಂದಾಗ ನಿಲ್ಲುತ್ತದೆ. ನೀರು ಡೀಸೆಲ್‌ಗಿಂತ ಭಾರ. ಟ್ಯಾಂಕಿನ ತಳಕ್ಕಿಳಿದು ನೇರ ಪಂಪಿನ ಬಾಯಿಗೇ ಹೋಗುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಫಿಲ್ಟರ್‌ನಲ್ಲಿ ನೀರಿದೆ ಅಂತ ಹೇಳುವ ದೀಪ ಇದ್ದರೆ ಹತ್ತಿರುತ್ತದೆ. ಹತ್ತಿಲ್ಲವೆಂದು ನಂಬಿ ಕೂರಬೇಡಿ, ನಮ್ಮದು ಹತ್ತಿರಲಿಲ್ಲ.

ಖಚಿತ ಮಾಡಿಕೊಳ್ಳುವುದು ಹೀಗೆ. ಇಂಜಿನ್ ಆಫ್ ಮಾಡಿ ಫಿಲ್ಟರ್ ತಳದ ತಿರುಪು ಸಡಿಲಿಸಿ, ಸುಮಾರು ಒಂದು ಟೀ ಲೋಟದಷ್ಟನ್ನು ಪಾರದರ್ಶಕ ಬಾಟ್ಲಿಗೆ ಇಳಿಸಿಕೊಳ್ಳಿ. ಕಾಲು ಗಂಟೆ ಅಲ್ಲಾಡಿಸದೆ ನೆರಳಲ್ಲಿಡಿ. ಗೆರೆ ಎಳೆದಂತೆ ಎರಡು ಪದರ ಬಂದರೆ ತೀರ್ಮಾನವಾಯಿತು. ಪದರ ಕಾಣದೆ ಬರೀ ಮಂಜು ಮಂಜಾಗಿದ್ದರೆ ಕೇಸರಿಬಾತಿಗೆ ಹಾಕುವ ಬಣ್ಣದ ಪುಡಿ ಒಂದು ಚಿಟಿಕೆ ಉದುರಿಸಿ. ಆ ಬಣ್ಣ ನೀರಲ್ಲಿ ಕರಗುತ್ತದೆ, ಡೀಸೆಲ್‌ನಲ್ಲಿ ಕರಗುವುದಿಲ್ಲ. ಪುಡಿ ಹಾಗೆಯೇ ತಳಕ್ಕೆ ಕೂತರೆ ನಿಂತ ನೀರಿಲ್ಲ. ತಳದಲ್ಲಿ ಕಿತ್ತಳೆ ಹನಿಗಳಾಗಿ ಅರಳಿದರೆ ಇದೆ. ನನ್ನ ಟೂಲ್ ಬಾಕ್ಸಿನಲ್ಲಿ ಈಗ ಸ್ಪ್ಯಾನರ್ ಪಕ್ಕ ಆ ಪುಟ್ಟ ಡಬ್ಬಿ ಇರುತ್ತದೆ. ನೋಡಿದವರು ನಗುತ್ತಾರೆ, ನಗಲಿ.

ನೀರು ಸಿಕ್ಕರೆ ಫಿಲ್ಟರಿನಿಂದ ಬರೀ ಡೀಸೆಲ್ ಬರುವ ತನಕ ಇಳಿಸಿ, ತಿರುಪು ಬಿಗಿಮಾಡಿ, ಪಂಪ್ ಒತ್ತಿ ಸ್ಟಾರ್ಟ್ ಮಾಡಿ. ನಾವು ಆ ದಿನ ಹತ್ತು ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ಮೂರು ಸಲ ಇಳಿಸಿದೆವು. ಜೈಸಲ್ಮೇರ್ ಮುಟ್ಟಿದ ಕೂಡಲೇ ಟ್ಯಾಂಕು ಖಾಲಿ ಮಾಡಿಸಿ ಹೊಸ ಫಿಲ್ಟರ್ ಹಾಕಿಸಿದೆವು. ಅಲ್ಲಿಯವರೆಗೆ ಓಡಿಸಿದ್ದೇ ತಪ್ಪು ಅಂತ ಭಾಯ್ ಈಗಲೂ ಬೈಯುತ್ತಾರೆ. ಈಗಿನ ಗಾಡಿಗಳಲ್ಲಿ ಎಲ್ಲ ಇಂಜೆಕ್ಟರ್‌ಗಳಿಗೂ ಡೀಸೆಲ್ ಹಂಚುವ ಒಂದೇ ದಪ್ಪ ಕೊಳವೆ ಇರುತ್ತದೆ, ಅದೇ ಕಾಮನ್ ರೇಲ್. ಅದರ ಪಂಪಿಗೆ ಡೀಸೆಲ್ಲೇ ಎಣ್ಣೆ, ನೀರು ಹೋದರೆ ಒಳಗೆ ಲೋಹಕ್ಕೆ ಲೋಹ ಉಜ್ಜುತ್ತದೆ. ಎಳೆದುಕೊಂಡು ಹೋಗುವ ಇನ್ನೊಂದು ಗಾಡಿ ಜತೆಗಿದ್ದರೆ ಎಳೆಸಿಕೊಂಡೇ ಹೋಗಿ.

ಹಳೆಯ ಲಾರಿ ನೋಡಿದವರಿಗೆ ಇಂಜೆಕ್ಟರ್ ಪೈಪ್ ಸಡಿಲಿಸಿ ಗಾಳಿ ತೆಗೆಯುವುದು ಗೊತ್ತಿರುತ್ತದೆ. ಈಗಿನ ಗಾಡಿಗೆ ಆ ಕೈಚಳಕ ಬೇಡ. ರೇಲ್‌ನಲ್ಲಿ 1,600 ಬಾರ್‌ವರೆಗೂ ಒತ್ತಡ ಇರುತ್ತದೆ. ಸೂಜಿಯಂತೆ ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಕ್ಕೆ ಹೋಗುತ್ತದೆ. ಅದಕ್ಕೆ ಆಪರೇಷನ್ನೇ ಗತಿ.

ಲಡಾಖ್ ಕಡೆ ಹೋಗುವವರಿಗೆ ಇದೇ ಲಕ್ಷಣ ಬೇರೆ ಕಾರಣಕ್ಕೆ ಬರಬಹುದು. ಅದೂ ಮರುಭೂಮಿಯೇ, ಚಳಿಯದು. ಬಯಲುಸೀಮೆಯ ಬಂಕಿನಲ್ಲಿ ತುಂಬಿಸಿದ ಡೀಸೆಲ್ ಅಲ್ಲಿನ ಚಳಿಯಲ್ಲಿ ಮೇಣ ಕಟ್ಟಿ ಫಿಲ್ಟರ್ ಮುಚ್ಚುತ್ತದೆ. ಇಂಡಿಯನ್ ಆಯಿಲ್ 2019ರ ನವೆಂಬರಿನಲ್ಲಿ ಲಡಾಖಿಗೆಂದೇ ಮೈನಸ್ 33 ಡಿಗ್ರಿವರೆಗೆ ಹರಿಯುವ ಚಳಿಗಾಲದ ಡೀಸೆಲ್ ತಂದದ್ದು ಇದಕ್ಕೇ. ವ್ಯತ್ಯಾಸ ಹಿಡಿಯುವುದು ಸುಲಭ: ಬೆಳಗ್ಗೆ ನಿಂತ ಗಾಡಿ ಮಧ್ಯಾಹ್ನದ ಬಿಸಿಲಿಗೆ ತಾನೇ ಸರಿಹೋದರೆ ಹೆಚ್ಚಾಗಿ ಮೇಣ, ಹೋಗದಿದ್ದರೆ ನೀರೋ ಕಸವೋ. ಟ್ಯಾಂಕಿನಡಿ ಬೆಂಕಿ ಹಾಕುವ ಸಾಹಸ ಬೇಡ.

ಕೊನೆಯ ಸಂದೇಹ, ಕ್ಯಾನೇ ಅದಲುಬದಲು. ಗುಂಪಿನಲ್ಲಿ ಒಂದು ಪೆಟ್ರೋಲ್ ಜಿಪ್ಸಿ, ಒಂದು ಡೀಸೆಲ್ ಥಾರ್ ಇದ್ದು ಎರಡರ ಕ್ಯಾನೂ ಒಂದೇ ಹಸಿರು ಬಣ್ಣದ್ದಾದರೆ ಇದು ಆಗದಿದ್ದರೇ ಆಶ್ಚರ್ಯ. ಕಾಗದದ ಮೇಲೆ ಒಂದು ಹನಿ ಬಿಡಿ: ಪೆಟ್ರೋಲ್ ಸ್ವಲ್ಪ ಹೊತ್ತಿಗೆ ಆರಿ ಹೋಗುತ್ತದೆ, ಡೀಸೆಲ್ ಬೋಂಡಾ ಕಟ್ಟಿದ ಪೇಪರಿನ ಹಾಗೆ ಜಿಡ್ಡು ಉಳಿಸುತ್ತದೆ. ಡೀಸೆಲ್ ಗಾಡಿಗೆ ಪೆಟ್ರೋಲ್ ಸುರಿದದ್ದು ಗೊತ್ತಾದರೆ ಕೀಲಿಯನ್ನೂ ತಿರುಗಿಸಬೇಡಿ, ಟ್ಯಾಂಕು ಖಾಲಿ ಮಾಡಿಸಿ.

ಡೀಸೆಲ್ ವಾಸನೆ ಹೋಗುತ್ತಲೇ ಇಲ್ಲ

ಹೆದ್ದಾರಿಯಲ್ಲಿ ಇರದ ವಾಸನೆ ಕಚ್ಚಾ ರಸ್ತೆಗಿಳಿದ ಮೇಲೆ ಬರುವುದು ಸಾಮಾನ್ಯ. ಅದು ಕ್ಯಾನ್‌ನಿಂದಲೋ ಗಾಡಿಯ ಟ್ಯಾಂಕಿನಿಂದಲೋ ಮೊದಲು ಬೇರ್ಪಡಿಸಿ. ಕ್ಯಾನ್ ಇಳಿಸಿ ಇಪ್ಪತ್ತು ಹೆಜ್ಜೆ ದೂರ ನೆರಳಲ್ಲಿಟ್ಟು ಒಂದು ಗಂಟೆ ಬಿಡಿ. ಗಾಡಿ ಇನ್ನೂ ನಾತ ಬರುತ್ತಿದ್ದರೆ ಟ್ಯಾಂಕಿನ ಮುಚ್ಚಳ, ತುಂಬುವ ಕೊಳವೆ, ಟ್ಯಾಂಕಿಗೆ ಗಾಳಿಯಾಡಿಸುವ ಬ್ರೀದರ್ ಪೈಪಿನ ಕ್ಲಿಪ್ಪು ನೋಡಿ.

ಕ್ಯಾನಿನದೇ ಅಂತಾದರೆ ರಂಗೋಲಿ ಪುಡಿ ಬೇಕು. ಕ್ಯಾನನ್ನು ಪೂರ್ತಿ ಒರೆಸಿ ಒಣಗಿಸಿ, ಮುಚ್ಚಳದ ಸುತ್ತ ಮತ್ತು ಎರಡು ಅರ್ಧ ಸೇರುವ ಬೆಸುಗೆಯ ಉದ್ದಕ್ಕೂ ಬಿಳಿ ರಂಗೋಲಿ ಪುಡಿ ತೆಳ್ಳಗೆ ಸವರಿ, ದಪ್ಪ ಪೇಪರಿನ ಮೇಲೆ ಅಡ್ಡ ಮಲಗಿಸಿ. ಸೋರುವ ಕಡೆ ಪುಡಿ ಬೂದು ಬಣ್ಣಕ್ಕೆ ತಿರುಗುತ್ತದೆ. ಕೂದಲೆಳೆಯಷ್ಟು ಸೀಳೂ ಅರ್ಧ ಗಂಟೆಯಲ್ಲಿ ಸಿಕ್ಕಿಬೀಳುತ್ತದೆ. ಅಮ್ಮನ ರಂಗೋಲಿ ಡಬ್ಬಿಗೆ ಕೈಹಾಕಿ ಬೈಸಿಕೊಂಡಿದ್ದೇನೆ, ಆದರೂ ಇದಕ್ಕಿಂತ ಅಗ್ಗದ ಪರೀಕ್ಷೆ ನನಗೆ ಗೊತ್ತಿಲ್ಲ.

ಮುಚ್ಚಳದ ಹತ್ತಿರ ಬೂದಾದರೆ ವಾಷರ್. ಅದನ್ನು ಹೊರತೆಗೆದು ಬೆರಳಲ್ಲಿ ಮಡಚಿ ನೋಡಿ. ಸಣ್ಣ ಬಿರುಕು ಬಾಯಿ ಬಿಟ್ಟರೆ ಎಸೆಯಿರಿ. ಹೊಸದು ಕೊಳ್ಳುವಾಗ ಇಂಧನಕ್ಕೆ ತಾಳುವ ರಬ್ಬರ್ ಬೇಕು ಅಂತಲೇ ಕೇಳಿ. ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದರೆ ಡೀಸೆಲ್ ಕುಡಿದು ಊದಿಕೊಳ್ಳುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗುವಾಗ ಹಳೆ ವಾಷರನ್ನೇ ಜೇಬಲ್ಲಿಟ್ಟುಕೊಂಡು ಹೋಗಿ. ಅಳತೆ ಬಾಯಲ್ಲಿ ಹೇಳಿ ತಂದದ್ದು ನನಗಂತೂ ಒಮ್ಮೆಯೂ ಕೂತಿಲ್ಲ. ಪೆಟ್ರೋಲ್ ಕ್ಯಾನಿನವರು ಇನ್ನೂ ಹುಷಾರು. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಪ್ರಧಾನಿ ನಮ್ಮ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದ್ದು. ಎಥನಾಲ್ ಹಳೆಯ ರಬ್ಬರಿಗೆ ಆಗಿಬರುವುದಿಲ್ಲ, ಗಾಳಿಯ ತೇವವನ್ನೂ ಹೀರುತ್ತದೆ. ತೇವ ಮಿತಿಮೀರಿದರೆ ನೀರೂ ಎಥನಾಲೂ ಸೇರಿ ಪೆಟ್ರೋಲನ್ನು ಬಿಟ್ಟು ತಳಕ್ಕಿಳಿಯುತ್ತವೆ. ಅಂಥ ಪೆಟ್ರೋಲನ್ನು ತಿಂಗಳುಗಟ್ಟಲೆ ಕ್ಯಾನಿನಲ್ಲಿಡುವುದು ಬೇಡ.

ಮುಚ್ಚಳ ಸರಿಯಿದ್ದು ಕ್ಯಾನಿನ ಮೈ ಮೇಲೆ ಬೂದು ಕಲೆ ಬಂದರೆ, ಕಟ್ಟಿದ ಬೆಲ್ಟ್ ಹಾದುಹೋಗುವ ಜಾಗಕ್ಕೆ ಬೆರಳಿಟ್ಟು ನೋಡಿ. ಬಿಗಿಯಾಗಿ ಕಟ್ಟಿದ್ದೇವಲ್ಲ ಅಂದುಕೊಂಡಿರುತ್ತೇವೆ. ಬೆಲ್ಟಿಗೂ ತಗಡಿಗೂ ನಡುವೆ ಸೇರಿದ ಮರಳು, ನೂರಾರು ಕಿಲೋಮೀಟರಿನ ಅದುರಾಟದಲ್ಲಿ ಉಪ್ಪುಕಾಗದದ ಕೆಲಸ ಮಾಡುತ್ತದೆ. ಗೆಳೆಯನ ಕ್ಯಾನೊಂದರಲ್ಲಿ ಬಣ್ಣ ಹೋಗಿ, ತಗಡು ಕನ್ನಡಿಯಂತೆ ಮಿಂಚುವ ಎರಡಂಗುಲದ ಪಟ್ಟಿ ಇತ್ತು. ಅದರ ನಡುವೆ ಸಾಸಿವೆ ಕಾಳಿಗಿಂತ ಸಣ್ಣ ತೂತು. ಹಳೆ ಟೈರಿನ ರಬ್ಬರ್ ಪಟ್ಟಿಯನ್ನು ಕ್ಯಾನಿನ ಕೆಳಗೆ, ಬೆಲ್ಟಿನ ಕೆಳಗೆ ಹಾಸಿ. ಸಂಜೆ ಕ್ಯಾಂಪಿಗೆ ಬಂದಾಗ ಬಿಚ್ಚಿ ಮರಳು ಕೊಡವಿ.

ದಾರಿಯಲ್ಲೇ ಸೋರಿದರೆ ಬಟ್ಟೆ ಒಗೆಯುವ ಬಾರ್ ಸೋಪನ್ನು ಸೀಳಿಗೆ ಒತ್ತಿ ತಿಕ್ಕಿ. ಸೋಪು ಡೀಸೆಲ್‌ನಲ್ಲಿ ಕರಗುವುದಿಲ್ಲ, ಊರು ಸೇರುವ ತನಕ ಹಿಡಿಯುತ್ತದೆ. ಲಾರಿ ಡ್ರೈವರುಗಳ ವಿದ್ಯೆ ಇದು. ಆಮೇಲೆ ಕ್ಯಾನನ್ನು ವೆಲ್ಡಿಂಗ್ ಅಂಗಡಿಗೆ ಮಾತ್ರ ಒಯ್ಯಬೇಡಿ. ಖಾಲಿ ಕ್ಯಾನಿನೊಳಗಿನ ಆವಿ ತುಂಬಿದ ಕ್ಯಾನಿಗಿಂತ ಅಪಾಯ.

ಕ್ಯಾಬಿನ್ ಒಳಗೆ, ಸೀಟಿನ ಹಿಂದೆ ಕ್ಯಾನ್ ಇಟ್ಟಿದ್ದರೆ ವಾಸನೆಯ ಕಾರಣ ಹುಡುಕುವ ಅಗತ್ಯವೇ ಇಲ್ಲ, ಹೊರಗಿಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಕಾಲ ಬುಡದಲ್ಲೇ ಸೇರಿಕೊಳ್ಳುತ್ತದೆ.

ಕ್ಯಾನ್ ಹೊಟ್ಟೆ ಉಬ್ಬಿದೆ

ಡಿಸೆಂಬರಿನ ಜೈಸಲ್ಮೇರಿನಲ್ಲಿ ಬೆಳಗಿನ 10 ಡಿಗ್ರಿಯಲ್ಲಿ ತುಂಬಿಸಿದ ಕ್ಯಾನ್, ಮಧ್ಯಾಹ್ನ ಕ್ಯಾರಿಯರ್ ಮೇಲೆ 40ಕ್ಕೆ ಕಾದರೆ 20 ಲೀಟರ್ ಡೀಸೆಲ್ ಸುಮಾರು ಅರ್ಧ ಲೀಟರ್ ಹಿಗ್ಗುತ್ತದೆ. ಪೆಟ್ರೋಲ್ ಇನ್ನೂ ಸ್ವಲ್ಪ ಹೆಚ್ಚು, ಜತೆಗೆ ಅದರ ಆವಿಯ ಒತ್ತಡ ಬೇರೆ. ಕತ್ತಿನ ತನಕ ತುಂಬಿಸಿದವರಿಗೆ ಆ ಅರ್ಧ ಲೀಟರಿಗೆ ಜಾಗವೇ ಇರುವುದಿಲ್ಲ, ವಾಷರ್ ಸಂದಿಯಿಂದ ಹೊರಬರುತ್ತದೆ. 19 ಲೀಟರಿಗೆ ನಿಲ್ಲಿಸಿ. ಉಬ್ಬಿದ ಕ್ಯಾನನ್ನು ಬಿಸಿಲಲ್ಲಿ ತೆರೆಯಬೇಡಿ. ನೆರಳಲ್ಲಿಟ್ಟು ತಣಿಸಿ, ಮುಚ್ಚಳದ ಮೇಲೆ ದಪ್ಪ ಬಟ್ಟೆ ಹಾಕಿ, ಮುಖ ಪಕ್ಕಕ್ಕೆ ತಿರುಗಿಸಿ ಮೆಲ್ಲಗೆ ಎತ್ತಿ. ಬೆಳಗ್ಗೆ ಹೊಟ್ಟೆ ಒಳಕ್ಕೆ ಹೋಗಿದ್ದರೆ ಗಾಬರಿ ಬೇಡ, ಮುಚ್ಚಳ ಚೆನ್ನಾಗಿ ಹಿಡಿದಿದೆ ಅಂತ ಅರ್ಥ.

ಸುರಿದರೂ ಮುಳ್ಳು ಏಳಲಿಲ್ಲ, ಲೆಕ್ಕವೇ ಸಿಗುತ್ತಿಲ್ಲ

ಮರಳಿನ ಇಳಿಜಾರಿನಲ್ಲಿ ನಿಂತು ಸುರಿದರೆ ಟ್ಯಾಂಕಿನೊಳಗೆ ತೇಲುತ್ತಾ ಮಟ್ಟ ತೋರಿಸುವ ಫ್ಲೋಟ್ ತಪ್ಪು ಹೇಳುತ್ತದೆ. ಡೀಸೆಲ್ ಅಲುಗಾಡಿದಾಗೆಲ್ಲ ಮುಳ್ಳು ಕುಣಿಯದಿರಲಿ ಅಂತ ಅದನ್ನು ನಿಧಾನವಾಗಿಯೇ ಏಳುವಂತೆ ಮಾಡಿರುತ್ತಾರೆ. ಸಮತಟ್ಟು ಜಾಗಕ್ಕೆ ಬಂದು, ಕೀಲಿ ಆಫ್ ಮಾಡಿ, ಸ್ವಲ್ಪ ಬಿಟ್ಟು ಆನ್ ಮಾಡಿ ನೋಡಿ.

ಮುಳ್ಳು ಸರಿಯಿದ್ದೂ ಡೀಸೆಲ್ ಬೇಗ ಖಾಲಿಯಾಗುತ್ತಿದ್ದರೆ ಸೋರಿಕೆ ಹುಡುಕುವ ಮೊದಲು ಲೆಕ್ಕ ಹಾಕಿ. ಹೆದ್ದಾರಿಯಲ್ಲಿ ಲೀಟರಿಗೆ 12 ಕೊಡುವ ಗಾಡಿ ಮೆತ್ತನೆ ಮರಳಲ್ಲಿ, ಲೋ ಗೇರಿನಲ್ಲಿ, 5-6ಕ್ಕೆ ಇಳಿಯುವುದು ರೋಗವಲ್ಲ. ಬೆಂಗಳೂರಿನಲ್ಲಿ 240 ಕಿಲೋಮೀಟರ್ ಅಂದುಕೊಂಡು ಕಟ್ಟಿದ ಕ್ಯಾನ್ ಅಲ್ಲಿ 100-120ರದ್ದು, ಅಷ್ಟೆ. ಟೈರಿನ ಗಾಳಿ 15-18 ಪಿಎಸ್ಐಗೆ ಇಳಿಸದೆ ಮರಳಿಗಿಳಿದಿದ್ದರೆ ಇನ್ನೂ ಕಡಿಮೆ. ಇನ್ನೆಷ್ಟು ದೂರ ಓಡುತ್ತದೆ ಅಂತ ಪರದೆಯಲ್ಲಿ ಬರುವ ಅಂಕಿ ಹಿಂದಿನ ಹೆದ್ದಾರಿ ಓಟ ನೆನಪಿಟ್ಟುಕೊಂಡು ಹೇಳುವಂಥದ್ದು. ಅದನ್ನು ನೋಡಲೇಬೇಡಿ.

ಸುರಿಯುವಾಗ ಗಳಗಳ ಅಂದು ಚೆಲ್ಲುತ್ತದೆ

ಮೂರು ಹಿಡಿಯ ಈ ಕಬ್ಬಿಣದ ಕ್ಯಾನ್ ಜರ್ಮನ್ ಸೇನೆಗೆಂದು 1930ರ ದಶಕದಲ್ಲಿ ಮಾಡಿದ ವಿನ್ಯಾಸ. ಕತ್ತಿನೊಳಗೆ ಗಾಳಿ ಹೋಗಲೆಂದು ಒಂದು ಸಣ್ಣ ಕೊಳವೆ ಇರುತ್ತದೆ. ಅದು ಬಣ್ಣದಿಂದಲೋ ತುಕ್ಕಿನಿಂದಲೋ ಮುಚ್ಚಿದ್ದರೆ ಗುಟುಕು ಗುಟುಕಾಗಿ ಸುರಿದು ಕಾಲ ಮೇಲೆ ಬೀಳುತ್ತದೆ. ಟಾರ್ಚ್ ಬಿಟ್ಟು ನೋಡಿ, ತಂತಿ ಹಾಕಿ ಬಿಡಿಸಿ. ಪೈಪಿನಲ್ಲಿ ಇಳಿಸುವುದಾದರೆ ತುದಿಯಲ್ಲಿ ಗುಂಡಿರುವ, ಅಲ್ಲಾಡಿಸಿದರೆ ಹರಿಯುವ ಸೈಫನ್ ಪೈಪ್ ತನ್ನಿ. ಬಾಯಲ್ಲಿ ಎಳೆಯುವವರನ್ನು ಈಗಲೂ ನೋಡುತ್ತೇನೆ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ಹತ್ತಿರದ ಆಸ್ಪತ್ರೆ ಎಷ್ಟು ದೂರ ಅಂತ ಯೋಚಿಸಿ.

ಗಾಡಿ ತೂಗಾಡುತ್ತಿದೆ

ತುಂಬಿದ ಒಂದು ಕಬ್ಬಿಣದ ಡೀಸೆಲ್ ಕ್ಯಾನ್ 20-21 ಕಿಲೋ. ಮೇಲೆ ಎರಡು ಇಟ್ಟರೆ ಹೆಚ್ಚುಕಡಿಮೆ 42, ಕ್ಯಾರಿಯರಿನ ತೂಕ ಬೇರೆ. ಗಾಡಿಯ ಪುಸ್ತಕದಲ್ಲಿ ಚಾವಣಿಯ ಮಿತಿ ಬರೆದಿರುತ್ತಾರೆ, ನೋಡಿ. ಟ್ಯಾಂಕಿಗೆ ಜಾಗವಾದ ಕೂಡಲೇ ಮೇಲಿನ ಕ್ಯಾನನ್ನೇ ಮೊದಲು ಸುರಿಯಿರಿ, ಒಂದನ್ನು ಪೂರ್ತಿ ಮುಗಿಸಿ. ಅರ್ಧರ್ಧ ಉಳಿದ ಎರಡು ಕ್ಯಾನ್ ಮೇಲೆ ಕುಲುಕಾಡುತ್ತವೆ.

ಹೊರಡುವ ಮುಂಚೆ

ಬೆಂಗಳೂರಿನಿಂದಲೇ ತುಂಬಿಸಿಕೊಂಡು ಜೈಸಲ್ಮೇರಿನವರೆಗೆ ಹೊರುವುದರಲ್ಲಿ ಅರ್ಥವಿಲ್ಲ, ದಾರಿಯುದ್ದಕ್ಕೂ ಬಂಕುಗಳಿವೆ. ಆದರೆ ಒಂದು ಸಲ ಇಲ್ಲಿಯೇ ತುಂಬಿಸಿ, ಕಟ್ಟಿ, ಚಿತ್ರದುರ್ಗದವರೆಗೆ ಓಡಿಸಿ. ಅಲ್ಲಿ ಕ್ಯಾನ್ ಇಳಿಸಿ ಒಂದು ಲೋಟದಷ್ಟನ್ನು ಬಾಟ್ಲಿಗೆ ಹಾಕಿ ನೋಡಿ. ತಿಳಿಯಾಗಿದ್ದರೆ ನಿಮ್ಮದೇ ಟ್ಯಾಂಕಿಗೆ ಸುರಿಯಿರಿ. ವಾಷರ್, ಬೆಲ್ಟ್, ಕೊಳವೆ, ನೀರು ಎಲ್ಲದರ ಬಂಡವಾಳ ಅಲ್ಲೇ ಬಯಲಾಗುತ್ತದೆ, ಮೆಕ್ಯಾನಿಕ್ ಸಿಗುವ ಊರಿನಲ್ಲಿ. ಆಮೇಲೆ ಖಾಲಿ ಕ್ಯಾನ್ ಒಯ್ದು ಕೊನೆಯ ದೊಡ್ಡ ಊರಿನಲ್ಲಿ ತುಂಬಿಸಿ. ತುಂಬಿಸುವಾಗ ಕ್ಯಾನ್ ನೆಲದ ಮೇಲಿರಲಿ, ಗಾಡಿಯೊಳಗಲ್ಲ. ನಳಿಕೆ ಕ್ಯಾನಿನ ಬಾಯಿಗೆ ತಾಗಿರಲಿ.

ಜಿಪ್ಸಿಯವರಿಗೆ ಒಂದು ಮಾತು. ಆ ಗಾಡಿಯ ಟ್ಯಾಂಕು 40 ಲೀಟರಷ್ಟೆ, ಕ್ಯಾನಿನ ಆಸೆ ಸಹಜ. ಆದರೆ 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ಒಯ್ಯಬಹುದಾದ ಪೆಟ್ರೋಲ್ 30 ಲೀಟರ್, ಅದೂ 25 ಲೀಟರ್ ಮೀರದ ಲೋಹದ ಪಾತ್ರೆಯಲ್ಲಿ, ಭದ್ರವಾಗಿ ಮುಚ್ಚಿ. 20ರ ಎರಡು ತುಂಬಿದ ಕ್ಯಾನ್ ಅಂದರೆ ಆಗಲೇ ಮಿತಿ ದಾಟಿತು. ಡೀಸೆಲ್‌ಗೆ ಮಿತಿ ಇದಕ್ಕಿಂತ ಎಷ್ಟೋ ದೊಡ್ಡದು.

ವಾಪಸ್ ಬಂದ ಮೇಲೆ ಕ್ಯಾನ್ ಪೂರ್ತಿ ಖಾಲಿ ಮಾಡಿ, ಒಳಗೆ ಎರಡು ಚಮಚ ಇಂಜಿನ್ ಆಯಿಲ್ ಹಾಕಿ ಎಲ್ಲ ಕಡೆ ಹರಿಯುವಂತೆ ಉರುಳಿಸಿ, ಮುಚ್ಚಿ, ಮಳೆ ತಾಗದ ಕಡೆ ಇಡಿ. ಮಹಡಿ ಬೇಡ. ಮುಂದಿನ ಸಲ ತುಂಬಿಸುವ ಮೊದಲು ಸ್ವಲ್ಪ ಡೀಸೆಲ್ಲಿನಲ್ಲಿ ಕುಲುಕಿ ಚೆಲ್ಲಿ.

ನನ್ನ ಆ ಹಳೆ ಕ್ಯಾನನ್ನು ಗುಜರಿಗೇ ಹಾಕಿದೆ. ಹಾಕುವ ಮುಂಚೆ ಕತ್ತಿನ ತನಕ ನೀರು ತುಂಬಿಸಿ, ಪಕ್ಕಕ್ಕೆ ದಪ್ಪ ಮೊಳೆಯಿಂದ ನಾಲ್ಕು ತೂತು ಹೊಡೆದೆ, ಇನ್ಯಾರೂ ಕೊಂಡು ತುಂಬಿಸದ ಹಾಗೆ. ಆ ತೂತುಗಳಿಂದ ಹೊರಬಿದ್ದ ನೀರಿನಲ್ಲಿ ಇಟ್ಟಿಗೆ ಬಣ್ಣದ ಹುರುಪೆ ಇನ್ನೂ ಬರುತ್ತಲೇ ಇತ್ತು.